ಮುಚ್ಚಳದ ಕೆಳಗಿನ ಹಲ್ಲುಚಕ್ರ

ಅಣ್ಣಾ,

ನೀನು ಕೈಯಾರೆ ರಿಪೇರಿ ಮಾಡಿದ ಬೈಕು ಇಲ್ಲೊಂದು ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ನಿಂತಿದೆ. ಏರು ತಿರುವಿನಲ್ಲಿ ವೇಗ ಹೆಚ್ಚಿಸಿದ್ದೇ ತಡ, ಚೈನು ಕಳಚಿಕೊಂಡಿತು, ನಾನು ಬಿದ್ದೆ. ಹಿಂದಿದ್ದ ಲಾರಿಯವನು ಬ್ರೇಕ್ ಒತ್ತದಿದ್ದರೆ ಈ ಕಾರ್ಡು ನಿನಗೆ ಬರುತ್ತಿರಲಿಲ್ಲ.

ಮೆಕ್ಯಾನಿಕ್ ಎಂಜಿನ್ ಪಕ್ಕದ ಮುಚ್ಚಳ ತೆಗೆದು, ಚೈನನ್ನು ಎಳೆಯುವ ಮುಂದಿನ ಹಲ್ಲುಚಕ್ರವನ್ನು ನನ್ನ ಅಂಗೈಯಲ್ಲಿಟ್ಟ. ಹಲ್ಲುಗಳೆಲ್ಲ ಸವೆದು ಬೆಕ್ಕಿನ ಉಗುರಿನಂತೆ ಬಾಗಿವೆ.

"ಹೊರಗೆ ಕಾಣೋ ಚೈನು, ಹಿಂದಿನ ಹಲ್ಲುಚಕ್ರ ಎರಡೂ ಹೊಸದು. ಇದೊಂದನ್ನ ಹಳೇದೇ ಬಿಟ್ಟಿದಾನೆ. ಹೊಸ ಚೈನನ್ನೂ ತಿಂದು ಹಾಕಿದೆ ನೋಡಿ. ಮೂರರಲ್ಲಿ ಇದೇ ಅಗ್ಗದ್ದು! ಯಾವ ಅಂಗಡಿಯವನಮ್ಮಾ ನಿಮಗೆ ಟೋಪಿ ಹಾಕಿದ್ದು?"

"ಅಂಗಡಿಯವನಲ್ಲ, ನಮ್ಮಣ್ಣ" ಅಂದೆ. ಅವನು ಕುರ್ಚಿ ಒರೆಸಿ ಕೂರಲು ಕೊಟ್ಟ.

"ಮೂರೂ ಹೊಸದು ಹಾಕಿದೀನಿ, ಕಣ್ಣು ಮುಚ್ಕೊಂಡು ಹೋಗು" ಅಂತ ಅಮ್ಮನ ಎದುರೇ ಎದೆ ತಟ್ಟಿ ಹೇಳಿದ್ದೆಯಲ್ಲ!

ಎಡ ಮಂಡಿ ಊದಿದೆ, ಮೂಳೆ ಮುರಿದಿಲ್ಲ. ರಿಪೇರಿಗೆ ನನ್ನ ಹತ್ತಿರ ಇರುವುದು ಸಾಕು, ನೀನೇನೂ ಕಳಿಸುವುದು ಬೇಡ.

ಲಕೋಟೆಯಲ್ಲಿ ಹಾಕದೆ ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ಅಂಚೆಯವನು ತಂದದ್ದನ್ನು ಮನೆಯಲ್ಲಿ ಮೊದಲು ಓದುವವಳು ಅಮ್ಮ.

ನಿನ್ನ ತಂಗಿ