ಹಗೇವಿನಲ್ಲಿ ಕೂತವನು

11-2-1999
ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಡ್ಯೂಟಿ. ಬಂದು ಚಹಾ. ಕಾನ್ಸ್‌ಟೇಬಲ್ ಸರ್ಫರಾಜ ಹೊಸ ಪದ್ಯ ಕೇಳಿದ. ನನಗಿರುವ ಒಬ್ಬನೇ ಓದುಗ, ನಿರಾಸೆ ಮಾಡಬಾರದು —
ಎರಡು ಜಗಳ, ಒಬ್ಬ ಕಳ್ಳ,
ಎಎಸ್ಐ ಬಾಳು ಬತ್ತಿದ ಹಳ್ಳ.
ಬಿ.ಎ.ಯಲ್ಲಿ ಕನ್ನಡ ಮೇಜರ್ ತೆಗೆದುಕೊಂಡದ್ದರ ಒಟ್ಟು ಫಲ ಇಷ್ಟು.

ಮಧ್ಯಾಹ್ನ ಚರಂಡಿ ಅಗೆಯುವವರು ಓಡಿ ಬಂದರು. ಕೊಟ್ಟೂರಿನ ಹಳೇ ಓಣಿಯಲ್ಲಿ, ವ್ಯಾಪಾರಿ ಏಕಾಂತಪ್ಪನ ಮನೆ ಮುಂದೆ ನೆಲ ಕುಸಿದಿದೆ. ಹಳೆಯ ಹಗೇವು. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಗ್ಗಿ ಟಾರ್ಚ್ ಬಿಟ್ಟೆ.

ಒಳಗೆ ಒಬ್ಬ ಕೂತಿದ್ದಾನೆ.

ಮೂಳೆ ಅಷ್ಟೇ. ಬೆನ್ನು ಕುಸಿದಿದೆ, ತಲೆ ತೊಡೆಯ ಮೇಲೆ ಬಂದಿದೆ. ಮಡಿಚಿದ ಕಾಲು ಮಾತ್ರ ಹಾಗೆಯೇ. ಬುರುಡೆಯ ಹಿಂಭಾಗ ಒಡೆದಿದೆ. ಎಡಗೈ ಬೆರಳ ಮೂಳೆಗಳ ನಡುವೆ ಇಷ್ಟಲಿಂಗ, ಪಕ್ಕದಲ್ಲಿ ಅದನ್ನಿಡುವ ಬೆಳ್ಳಿಯ ಕರಡಿಗೆ, ಸುತ್ತ ವಿಭೂತಿ ಗಟ್ಟಿ. ಸಮಾಧಿಯಲ್ಲಿ ಕೂರಿಸುವ ಹಾಗೆಯೇ ಕೂರಿಸಿದ್ದಾರೆ. ತಲೆ ಒಡೆದ ಕೈಗೆ ಶಾಸ್ತ್ರವೂ ಗೊತ್ತಿತ್ತು.

ಹೊರಗಿನವರ ಕೆಲಸವಲ್ಲ.

14-2-1999
ಬಳೆಯ ಸದ್ದು ಮೊದಲು ಬಂತು. ಹಿಂದೆ ಗುರುಬಸಮ್ಮ. ಏಕಾಂತಪ್ಪನ ಅತ್ತಿಗೆ, ಆ ಮನೆಯ ಹಿತ್ತಲಲ್ಲಿ ಒಬ್ಬರೇ ಇರುತ್ತಾರೆ. ಐವತ್ತೇಳರ ಹೆಂಗಸು, ಮೊಣಕೈವರೆಗೆ ಹಸಿರು ಬಳೆ, ಹಣೆ ತುಂಬ ಕುಂಕುಮ. ಗಂಡ ಗುರುಸಂಗಪ್ಪ 1962ರಲ್ಲಿ ತಮ್ಮನ ಹತ್ತಿರ ಹೊಲದ ಪಾಲು ಕೇಳಿದ. ಅದೇ ವಾರ ‘ಕಾಶಿಗೆ ಹೋದ’, ತಿರುಗಿ ಬರಲಿಲ್ಲ. ಮಕ್ಕಳಿಲ್ಲ.

ಕರಡಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಮುಟ್ಟಲಿಲ್ಲ.

“ಮೊದ್ಲ ಮಣ್ಣಾಗ್ಲಿ ಸಾಹೇಬ್ರ. ಆಮ್ಯಾಲ ಕೇಳ್ರಿ, ಹೇಳ್ತೀನಿ.”

“ಇದು ಕೇಸಿನ ಪುರಾವೆ ಅವ್ವಾ. ಮುಗಿಯೋತನ ಕೊಡಾಕ ಬರಂಗಿಲ್ಲ.”

“ಮಣ್ಣು ಮಾಡಲಾರದ, ಕೈಯಾಗ ಬಳಿ ಇಟ್ಕೊಂಡು, ಸತ್ತಾರ ಅಂತ ಹೆಂಗ ಅನ್ನಲಿ?”

ಬಳೆ ಯಾರು ಕೊಡಿಸುತ್ತಾರೆ ಅಂತ ಸುಮ್ಮನೆ ಕೇಳಿದೆ.

“ನಮ್ಮ ಮೈದುನ. ವರ್ಷಾ ಪಂಚಮಿಗೆ ತಪ್ಪಿಸಿಲ್ಲ. ಊರೆಲ್ಲ ಸತ್ತಾನ ಅಂದ್ರೂ ಅವ ಒಬ್ಬ ಅನ್ನಲಿಲ್ಲ ನೋಡ್ರಿ.”

ಮಣ್ಣಿನ ಮಾತು ನೆಪ ಅಂದುಕೊಂಡೆ. ಕಳಿಸಿದೆ.

3-3-1999
ಏಕಾಂತಪ್ಪ ತಾನಾಗಿಯೇ ಬಂದ. ಇಸ್ತ್ರಿ ಧೋತರ, ಕಿವಿಯಲ್ಲಿ ಅತ್ತರ್ ಹತ್ತಿ. ಕೇಳುವ ಮೊದಲೇ ಕುರ್ಚಿ ಎಳೆದುಕೊಂಡ.

“ಅಂವ ನಮ್ಮಣ್ಣ ಅಂತ ಯಾರಂದ್ರು?”

“ನಿಮ್ಮ ಹಗೇವು. ವಿಭೂತಿ ಇಟ್ಟು ಕುಂಡ್ರಿಸ್ಯಾರ. ಕಳ್ಳರು ಇಷ್ಟು ಮಡಿ ಮಾಡ್ತಾರೇನ್ರಿ?”

“ಕುಂಡ್ರಿಸಿದವನೇ ಕೊಂದವ ಅಂತ ಯಾವ ಕಾನೂನಾಗ ಐತಿ? ತೋರಿಸ್ರಿ, ಒಪ್ಕೋತೀನಿ.”

ಚಹಾ ಕುಡಿದು ಹೋದ. ಕಪ್ಪು ತೊಳೆದಿಟ್ಟ ಹಾಗೆ ಖಾಲಿ. “ತಲಿ ಐತ್ರಿ ಈತಂಗ,” ಅಂದ ಸರ್ಫರಾಜ. ಐತಿ. ಒಡೆಯದ ತಲೆ.

21-3-1999
ಚಿಗಟೇರಿಗೆ ಹೋಗಿದ್ದೆ. ಚೌಡಣ್ಣ ಸಿಕ್ಕ. ಅರವತ್ತೆರಡರಲ್ಲಿ ಆ ಮನೆಯ ಆಳು, ಈಗ ಬೇವಿನ ಕಟ್ಟೆಯ ಮೇಲೆ ಕೆಮ್ಮುತ್ತಾ ಕೂತಿರುತ್ತಾನೆ.

“ದೊಡ್ಡ ಗೌಡ್ರು ಕಾಶಿಗೆ ಹೋದ್ರು ಅಂದ ದಿನ, ಮುಂಜಾನಿ ಎದ್ದು ಕೆಸರು ಕಲಸು ಅಂದ್ರು ಸಣ್ಣ ಗೌಡ್ರು. ಹಗೇದ ಬಾಯಿ ಮೆತ್ತಬೇಕು ಅಂತ. ಆ ವರ್ಷ ಮಳಿ ಇಲ್ಲ, ಜ್ವಾಳ ಇಲ್ಲ. ಖಾಲಿ ಹಗೇಕ ಯಾಕ್ರೀ ಮುಚ್ಚಳ ಅಂದೆ. ಇಲಿ ಬೀಳ್ತಾವ ಅಂದ್ರು.”

“ಅವತ್ತ ಯಾಕ ಹೇಳ್ಲಿಲ್ಲೋ?”

“ಯಾರ ಕೇಳಿದ್ರು? ನೀವ ಈಗ ಬಂದ್ರಿ.”

ಹೇಳಿಕೆ ಬರೆದುಕೊಂಡೆ. ಏಕಾಂತಪ್ಪನ ಅರೆಸ್ಟ್. ವಾರ ತುಂಬುವುದರೊಳಗೆ ಬೇಲ್.

16-11-2000
ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ.

ಬೆಂಗಳೂರಿನ ಲ್ಯಾಬಿನಿಂದ ಉತ್ತರ ಬಂತು: ಗಂಡಸು, ಮೂವತ್ತರ ಆಸುಪಾಸು, ತಲೆಗೆ ಪೆಟ್ಟು. ಯಾರೆಂದು ಹೇಳಲಾಗದು. ಹೋಲಿಸಲು ತಾಯಿ ಇಲ್ಲ, ಮಗು ಇಲ್ಲ, ಫೋಟೋ ಇಲ್ಲ. ತಮ್ಮನ ರಕ್ತ ಕೊಡಿಸಿ ಅಂತ ಬರೆದೆ. ಮೂಳೆಯಲ್ಲಿ ಹೋಲಿಸುವಂಥದ್ದು ಏನೂ ಉಳಿದಿಲ್ಲ ಅಂದರು.

ಚೌಡಣ್ಣ ಹೋದ ತಿಂಗಳು ತೀರಿಕೊಂಡನಂತೆ. ಪೊಲೀಸರ ಮುಂದಿನ ಹೇಳಿಕೆ ಕೋರ್ಟಿನಲ್ಲಿ ಸಾಕ್ಷಿಯಲ್ಲ.
ಸಾಕ್ಷಿ ಸೇರಿದ ಮಣ್ಣು,
ಕೇಸಿಗೆ ಬಿತ್ತು ಹುಣ್ಣು.
ಸರ್ಫರಾಜ ನಗಲಿಲ್ಲ. ನಾನೂ.

ಮೂಳೆಗಳು ತಗಡಿನ ಟ್ರಂಕಿನಲ್ಲಿ ವಾಪಸು ಬಂದಿವೆ. ನನ್ನ ಕುರ್ಚಿಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇವೆ. ಉದ್ದುದ್ದ ಜೋಡಿಸಿ. ಕೂತವನನ್ನು ಮಲಗಿಸಿಬಿಟ್ಟೆವು ಅನ್ನುವುದು ತಲೆಯಿಂದ ಹೋಗುತ್ತಿಲ್ಲ. ಮನೆಯಲ್ಲಿ ತಾಟಿನ ಮುಂದೆ ಕಾಲು ಮಡಿಚಿದರೆ ಕುತ್ತಿಗೆ ತಾನಾಗಿ ಮುಂದಕ್ಕೆ ಬಾಗುತ್ತದೆ, ತಲೆ ತೊಡೆಗೆ ಬಂದೀತು ಅನಿಸುತ್ತದೆ. ಈಚೆಗೆ ನಿಂತೇ ಉಣ್ಣುತ್ತೇನೆ.

“ಕುದುರಿ ಹಂಗ ನಿಂತು ಉಣ್ತೀರಲ್ಲ, ಹುರುಳಿ ಬೇಸಲೇನು?” ಅಂದಳು ಶೈಲಾ. ಹೆಂಡತಿಗೆ ಏನೆಂದು ಹೇಳುವುದು.

23-4-2002
ಕೊನೆಗೂ ಸೆಷನ್ಸ್ ಕೋರ್ಟು. ಸರ್ಕಾರಿ ವಕೀಲರು ಗಂಗಾಂಬಿಕಾ ಮೇಡಂ. ಬೆಳಿಗ್ಗೆಯೇ ಹೇಳಿದರು: “ಸತ್ತವ ಯಾರು ಅಂತ ಗೊತ್ತಾಗದ ಕೊಂದವನ್ನ ಹಿಡಿಯೋದು ಹೆಂಗ್ರೀ? ಕರಡಿಗೆ ನನ್ನ ಗಂಡಂದು ಅಂತ ಆಕಿ ಒಂದು ಮಾತು ಅಂದ್ರ ನಿಲ್ತೀವಿ. ಇಲ್ಲಾಂದ್ರ ಇಲ್ಲ.”

ಗುರುಬಸಮ್ಮ ಕಟಕಟೆ ಹತ್ತಿದರು. ಬಳೆ ಸದ್ದು ಮಾಡುತ್ತ.

ಗಂಡನ ಹೆಸರು? ಸೆರಗು ಬಾಯಿಗೆ ಹಿಡಿದರು. ಮತ್ತೆ ಕೇಳಿದರು. ಗಂಡನ ಹೆಸರು ನೇರ ಹೇಳುವಂತಿಲ್ಲ, ಪ್ರಾಸದಲ್ಲಿ ಸುತ್ತಿ ಹೇಳಬೇಕು. ಮೇಡಂ ಹತ್ತಿರ ಹೋಗಿ, “ಒಡಪು ಹಾಕ್ಯಾರ ಹೇಳ್ರಿ ಅವ್ವಾ,” ಅಂದರು.

“ಹಗೇದ ಜ್ವಾಳದ ರೊಟ್ಟಿ, ರೊಟ್ಟಿ ಮ್ಯಾಲ ತುಪ್ಪ,
ಹಣಿ ಮ್ಯಾಲಿನ ಕುಂಕುಮದೊಡಿಯ ಗುರುಸಂಗಪ್ಪ.”

ಹಿಂದಿನ ಬೆಂಚಿನವರು ನಕ್ಕರು. ಜಡ್ಜ್ ಸಾಹೇಬರ ಮುಖವೂ ಸಡಿಲಾಯಿತು. ನಾನಂತೂ, ಪ್ರಾಸಕ್ಕೆ ಸೋಲುವ ಪ್ರಾಣಿ, ಒಂದು ಕ್ಷಣ ಖುಷಿಪಟ್ಟೆ. ಆಮೇಲೆ ಹೊಳೆಯಿತು, ಹಗೇವು. ಮದುವೆಯಲ್ಲಿ ಕಲಿತ ಒಡಪು, ಆಗ ಹಗೇವಿನಲ್ಲಿ ಜೋಳ ಇತ್ತು.

ಆಮೇಲೆ ಕರಡಿಗೆ ತೋರಿಸಿದರು. ಏಕಾಂತಪ್ಪ ಕೈಕಟ್ಟಿ ನೆಲ ನೋಡುತ್ತಿದ್ದ. ಗುರುಬಸಮ್ಮ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿದರು. ಮತ್ತೆ ಕೆಳಗೆ ಬಿಟ್ಟರು.

“ಇದು ನಿಮ್ಮ ಯಜಮಾನರದೇನು?”

“ಅಲ್ರಿ.”

ಮೇಡಂ ನನ್ನತ್ತ ನೋಡಿದರು. ನಾನು ಫ್ಯಾನ್ ನೋಡಿದೆ.

ಬಸ್ಸಿನಲ್ಲಿ ಬರುತ್ತ ಲೆಕ್ಕ ತಿಳಿಯಿತು. ಒಡಪು ಹಾಕುವುದು ಇರುವ ಗಂಡನಿಗೆ. ಹೋದವನಿಗೆ ಯಾರೂ ಹಾಕುವುದಿಲ್ಲ. ಹಾಕಿಸಿ, ಅದೇ ಬಾಯಿಂದ ಸತ್ತ ಅನ್ನಿಸಲು ನಿಂತೆವು. ಆಕೆ ಮಣ್ಣಾಗದೆ ಹೇಳುವುದಿಲ್ಲ, ಆಕೆ ಹೇಳದೆ ಕೇಸು ನಿಲ್ಲುವುದಿಲ್ಲ, ಕೇಸು ಮುಗಿಯದೆ ನಾವು ಮಣ್ಣಿಗೆ ಕೊಡುವುದಿಲ್ಲ. ಮೂರು ವರ್ಷದ ಹಿಂದೆಯೇ ಮೇಜಿನ ಮುಂದೆ ನಿಂತು ಹೇಳಿದ್ದರು.

28-6-2002
ಬಿಡುಗಡೆ. ‘ಮೃತನ ಗುರುತು ಸಾಬೀತಾಗಿಲ್ಲ.’ ಏಕಾಂತಪ್ಪ ಮೆಟ್ಟಿಲಲ್ಲಿ ನಿಂತು ಕೈಮುಗಿದ. “ಕವಿಗಳ, ಒಂದು ಪದ್ಯ ಆಗ್ಲಿ.”

ಆಗಲಿಲ್ಲ.

20-8-2002, ಮಧ್ಯಾಹ್ನ
ರಿಜಿಸ್ಟರ್ ಬರೆಯುತ್ತಿದ್ದೆ. ತಲೆ ಎತ್ತಿದರೆ ಬಾಗಿಲಲ್ಲಿ ಗುರುಬಸಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬಂದದ್ದು ಕೇಳಿಸಲಿಲ್ಲ. ಹಣೆಯ ಮೇಲೆ ವಿಭೂತಿ ಮಾತ್ರ.

“ಈ ಪಂಚಮಿಗೆ ಅವ ಬಳಿ ತರಲಿಲ್ಲ,” ಅಂದರು.

ಮರೆತಿರಬೇಕು ಅಂದೆ. ಅದಕ್ಕಿಂತ ದಡ್ಡ ಮಾತು ಸಿಗಲಿಲ್ಲ.

“ನಲವತ್ತು ವರ್ಷ ಮರೀಲಾರದವ, ಬಿಡುಗಡಿ ಆದ ವರ್ಷನ ಮರೆತನ? ಸಂಜೀತನ ಕಟ್ಟಿ ಮ್ಯಾಲ ಕುಂತಿದ್ದೆ. ಒಳಗ ದೀಪ ಇತ್ತು, ಕೆಮ್ಮತಿದ್ದ. ಹೊರಗ ಬರಲಿಲ್ಲ. ನನ್ನ ಬಳಿ ಇನ್ನ ಬೇಕಾಗಿಲ್ಲಲ್ಲ ಅವಂಗ.” ಸೆರಗು ಸರಿಮಾಡಿಕೊಂಡರು. “ನಾನ ಒಡಕೊಂಡೆ.”

ಸರ್ಫರಾಜ ಎದ್ದು ಹೊರಗೆ ಹೋದ.

“ಈಗ ಹೇಳ್ತೀನಿ, ಅವರು ನಮ್ಮವರು ಅಂತ. ನಡಿತೈತಿ?”

“ನಡ್ಯಾಂಗಿಲ್ಲವ್ವಾ. ಬಿಟ್ಟವನ್ನ ಅದ ಕೇಸಿನಾಗ ಮತ್ತ ನಿಲ್ಲಸಾಕ ಬರಂಗಿಲ್ಲ.”

“ಹಂಗಾರ ಅವರನ್ನಾರ ಕೊಡ್ರಿ. ಕುಂಡ್ರಸ್ತೀನಿ.”

ಟ್ರಂಕು ಈಗ ಕೋರ್ಟಿನಲ್ಲಿದೆ. ಅರ್ಜಿ ಹಾಕಬೇಕು. ಪ್ರಮಾಣ ಮಾಡಿ ‘ಅಲ್ಲ’ ಅಂದವರು ಈಗ ‘ಹೌದು’ ಅಂತ ಬರೆದರೆ ಅವರ ಮೇಲೆಯೇ ಕೇಸು ಬರಬಹುದು ಅಂದೆ. “ಬರ್ಲಿ,” ಅಂದರು. ಹಾಳೆ ತೆಗೆದೆ. ಮೃತನ ಹೆಸರು? ಗೊತ್ತಿದ್ದೂ ಕೇಳಿಬಿಟ್ಟೆ, ಅಭ್ಯಾಸಬಲ. ಕೇಳಿದ ಮೇಲೆ ಕಿವಿ ರೊಟ್ಟಿಗೆ, ತುಪ್ಪಕ್ಕೆ ಕಾಯಿತು.

“ಗುರುಸಂಗಪ್ಪ.”

ಹಿಂದೆ ಮುಂದೆ ಏನೂ ಇಲ್ಲ. ಬರೀ ಹೆಸರು.

“ಬರಕೊಂಡ್ರ್ಯಾ?”

ಬರೆದೆ. ಸಂಬಂಧ: ಹೆಂಡತಿ. ಅದನ್ನೂ ಬರೆದೆ. ಇಂಕ್ ಪ್ಯಾಡ್ ಮುಂದಿಟ್ಟೆ. ಹೆಬ್ಬೆಟ್ಟಿಗೆ ಕೈ ಚಾಚಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಬೆಳ್ಳಗೆ, ಎಳೆ ಕೂಸಿನ ಹಾಗೆ, ನಲವತ್ತು ವರ್ಷ ಬಿಸಿಲು ಕಾಣದ್ದು —