ಚೀಲ ಕಾದವಳು

ರೀ,

ಬೆಟ್ಟಕ್ಕೆ ಹೊರಟೆ, ಎದುರುಮನೆ ನರ್ಸಮ್ಮನ ಜೊತೆ. ತುದಿ ಮುಟ್ಟಿಯೇ ಸಂಜೆ ಬರೋದು. ಹೋದ ಸಲ ‘ನಿನ್ನ ಕೈಲಾಗಲ್ಲ’ ಅಂತ ಅರ್ಧ ದಾರೀಲಿ ಬಂಡೆ ಮೇಲೆ ಕೂರಿಸಿ, ನಿಮ್ಮ ಸ್ನೇಹಿತರ ಚೀಲಗಳನ್ನೆಲ್ಲ ಕಾಯೋಕೆ ಬಿಟ್ಟು ಹೋದ್ರಲ್ಲ, ಅದಕ್ಕೇ.

ನಿಮ್ಮಮ್ಮನಿಗೆ ಮಾತ್ರೆ ಊಟ ಆದ್ಮೇಲೆ ಕೊಡಿ. ನನ್ನ ಮೇಲಿನ ಸಿಟ್ಟನ್ನ ಪಾಪ ಅವರ ಮೇಲೆ ತೀರಿಸ್ಕೋಬೇಡಿ.

ಒಗೆದ ಬಟ್ಟೆ ಬಕೆಟ್‌ನಲ್ಲಿದೆ. ಹಿಂಡಿ ಒಣಹಾಕಿ, ಕೈ ಸವೆಯಲ್ಲ.

ನಿಮ್ಮ ದೊಡ್ಡ ನೀರಿನ ಬಾಟಲಿ ನನ್ನ ಹತ್ರ ಇದೆ. ಅದಕ್ಕೋಸ್ಕರ ಮನೆಯೆಲ್ಲ ಜಾಲಾಡಬೇಡಿ. ಫೋನ್ ಮಾಡಿದ್ರೆ ಎತ್ತಲ್ಲ.

ಮೇಲಿಂದ ಏನೇನು ಕಾಣ್ತು ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳ್ತೀನಿ. ಅವತ್ತು ನೀವು ಇಳಿದು ಬಂದು ಹೇಳಿದ್ದನ್ನೆಲ್ಲ ನಾನು ‘ಹೌದಾ, ಹೌದಾ’ ಅಂತ ನಗ್ತಾ ಕೇಳಿಸ್ಕೊಂಡೆನಲ್ಲ, ಹಾಗೇ ಕೇಳಿಸ್ಕೊಳ್ಳಿ. ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.