ಖಂಡೆಪ್ಪನ ಬಾವಿಯಿಂದ ಕೆಂಪು ಸಮುದ್ರಕ್ಕೆ

ಯೆಣೆಗೂರ,
ಶ್ರಾವಣದ ಎರಡನೆಯ ಬುಧವಾರ

ಮನೀಷಾಳ ಅಪ್ಪನವರಿಗೆ ಶರಣು.

ಪುರಾಣ ಹೇಳುವ ತಿಂಗಳು ಫೋನು ಮುಟ್ಟುವುದಿಲ್ಲವೆಂದು ನೇಮ ಹಿಡಿದು ನೀವು ಜಳಕೋಟದ ಮಠದಲ್ಲಿ ಕೂತಿದ್ದೀರಿ. ಇಲ್ಲಿ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿಲ್ಲ. ಮಠಕ್ಕೆ ಜೋಳ ಒಯ್ಯುವ ರಾಚಯ್ಯ ನಾಳೆ ಹೊರಡುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಓದಿ ಮಡಚಿ ಪುರಾಣದ ಪುಸ್ತಕದೊಳಗೆ ಇಟ್ಟುಬಿಡಬೇಡಿ, ನನಗೆ ಉತ್ತರ ಬೇಕು.

ದೀಪಾವಳಿ ಮುಗಿದ ಮೇಲೆ ಮಗಳ ಹತ್ತಿರ ಈಜಿಪ್ತಿಗೆ ಹೋಗುವುದು ಪಕ್ಕಾ ಆಗಿದೆಯಲ್ಲ. ಹುರ್ಗಾದಾ ಎಂಬ ಆ ಊರಿನ ಹೋಟೆಲಿನಲ್ಲಿ ನಿಮ್ಮ ಮಗಳು ರಷ್ಯಾದವರಿಗೆ ಪದ್ಮಾಸನ ಹಾಕಿಸುತ್ತಾಳೆ. ಇಲ್ಲಿದ್ದಾಗ ಪೂಜೆಗೆ ಐದು ನಿಮಿಷ ಚಕ್ಕಳಮಕ್ಕಳ ಹಾಕಿ ಕೂತವಳಲ್ಲ! ಮೊನ್ನೆ ಫೋನು ಮಾಡಿ ಹೊಸ ಸುದ್ದಿ ಹೇಳಿದಳು. "ಅವ್ವಾ, ಇಲ್ಲಿ ತನಕ ಬಂದು ಬರೇ ದಂಡಿ ಮ್ಯಾಲ ಕೂಡ್ತಿ ಏನ? ಸಮುದ್ರದ ತಳ ನೋಡೂದು ಕಲಸ್ತಾರ ಇಲ್ಲಿ. ನಾಲ್ಕ ದಿನದ ಕೋರ್ಸ್ ಅದ. ನಿನ್ನ ಹೆಸರು ಹಚ್ಚೀನಿ." ನಾನು ಬಾಯಿಬಿಟ್ಟು ಬೇಡ ಎನ್ನುವುದರೊಳಗೆ ನನ್ನ ಬಾಯಿ ಹೂಂ ಅಂದಿತ್ತು.

ಆವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಮರಳುಗಾಡೂ ಸಮುದ್ರವೂ ಒಂದೇ ಕಡೆ ಹೇಗಿರುತ್ತವೆ ಹೇಳಿ? ಮಳೆ ಬರುವುದಿಲ್ಲವೇನೆ ಎಂದು ಕೇಳಿದೆ. "ಬಂದರ ಮಂದಿ ಹೊರಗ ಬಂದು ಫೋಟೋ ತೆಗಿತಾರ" ಅಂದಳು. ಕುಡಿಯುವ ನೀರನ್ನು ಸಮುದ್ರದ ಉಪ್ಪು ತೆಗೆದು ಮಾಡುತ್ತಾರಂತೆ. ಹಾಗಾದರೆ ಆ ಊರವರು ಬೆಳಗಾಗೆದ್ದು ಆಕಾಶ ನೋಡುವುದೇ ಇಲ್ಲವೇ? ಗಿಳಿಯಂಥ ಕೊಕ್ಕಿನ ಮೀನೊಂದು ಕಲ್ಲು ಕಡಿದು ತಿಂದು ಹಿಂದಿನಿಂದ ಮರಳು ಹಾಕುತ್ತದಂತೆ. ನಾವು ಮೀನು ತಿನ್ನುವವರಲ್ಲ, ನೋಡುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯಿದೆ? ಎಲ್ಲಕ್ಕಿಂತ ಸೋಜಿಗ ಅವರ ಮೊದಲ ಪಾಠ. ನೀರೊಳಗೆ ಉಸಿರು ಹಿಡಿಯಲೇಬಾರದಂತೆ! ಬೆನ್ನಿಗೆ ಕಟ್ಟಿದ ಗಾಳಿಯ ಡಬ್ಬಿಯಿಂದ ಎಳೆಯುತ್ತ, ಬಿಡುತ್ತ ಇರಬೇಕು. ನಿಲಂಗಾ ಕಡೆಯ ನನ್ನ ತವರಿನ ಬಾವಿಯಲ್ಲಿ ಅಪ್ಪ ಕಲಿಸಿದ್ದು ಒಂದೇ ವಿದ್ಯೆ, ಉಸಿರು ಹಿಡಿಯುವುದು. ಅದನ್ನು ಮರೆಯುವುದು ಹೇಗೆ ಎಂದು ಬಟ್ಟೆ ಒಗೆಯುವಾಗಲೂ ಯೋಚಿಸುತ್ತೇನೆ.

ಕೊರಳಲ್ಲಿ ಏನೂ ಇರಬಾರದು ಎಂದು ಅವರ ಫಾರ್ಮಿನಲ್ಲಿದೆ. ಅದನ್ನು ಓದಿ ಮಗಳು ಹೆದರಿದಳು. "ಅಪ್ಪಾಗ ಹ್ಯಾಂಗ ಹೇಳೂದವ್ವಾ, ಲಿಂಗ ತೆಗದಿಡಾಕ ಅಂವಾ ಒಪ್ಪತಾನ?" ನಾನು ನಕ್ಕೆ. ಇಷ್ಟಲಿಂಗ ಮೈ ಬಿಡಬಾರದು, ಹೊಕ್ಕುಳಿನ ಕೆಳಗೆ ಇಳಿಯಬಾರದು, ಆದರೆ ತೋಳಿಗೂ ಕಟ್ಟಬಹುದು ಎಂದು ದೀಕ್ಷೆ ಕೊಡುವಾಗ ಎಲ್ಲರಿಗೂ ಹೇಳುವವರು ನೀವೇ. ಬಟ್ಟೆಯಲ್ಲಿ ಸುತ್ತಿ ತೋಳಿಗೆ ಬಿಗಿದುಕೊಂಡು ಮೇಲೆ ಅವರ ರಬ್ಬರಿನ ಅಂಗಿ ತೊಟ್ಟರಾಯಿತು. ಇದಕ್ಕೆ ನಿಮ್ಮ ಅಪ್ಪಣೆ ಕೇಳುತ್ತಿಲ್ಲ.

ಕೇಳುತ್ತಿರುವುದು ಬೇರೆ. ಮೊದಲ ದಿನವೇ ಪರೀಕ್ಷೆಯಿದೆ. ನಿಲ್ಲದೆ ಇನ್ನೂರು ಮೀಟರು ಈಜಬೇಕು, ಹತ್ತು ನಿಮಿಷ ತೇಲಬೇಕು. ಆಗದಿದ್ದರೆ ದಂಡೆಯ ಮೇಲೆ ಕೂತು ಶೇಂಗಾ ತಿನ್ನುವುದೇ ಸೈ. ನಾನು ನೀರಿಗಿಳಿದು ಮೂವತ್ತೊಂದು ವರ್ಷವಾಯಿತು. ಅಭ್ಯಾಸ ಬೇಕು. ಎಲ್ಲರ ಹೊಲದಲ್ಲೂ ಬೋರು ಬಂದು ಹಳೆಯ ಬಾವಿಗಳನ್ನು ಮುಚ್ಚಿದ್ದಾರೆ. ಮೆಟ್ಟಿಲಿದ್ದು, ಅಗಲವಿದ್ದು, ತುಂಬ ನೀರಿರುವುದು ಖಂಡೆಪ್ಪನ ಬಾವಿ ಒಂದೇ. ಅದಕ್ಕೆ ಯಾರೂ ಇಳಿಯುವ ಹಾಗಿಲ್ಲ. ಯಾಕೆಂದು ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ಕಡೆ ಆದ ಆ ದೊಡ್ಡ ಭೂಕಂಪದ ಮರುವರ್ಷ, ನಾನು ಮದುವೆಯಾಗಿ ಬಂದು ಎರಡು ತಿಂಗಳಾಗಿತ್ತು. ಖಂಡೆಪ್ಪ ಬಾವಿಗೆ ಬಗ್ಗಿ ಮೋಟಾರಿನ ಪೈಪು ನೋಡುವಾಗ ಶಿವದಾರ ಹರಿದು ಕರಡಿಗೆಯ ಸಮೇತ ಲಿಂಗ ನೀರಿಗೆ ಬಿತ್ತು. ಲಿಂಗ ಸಿಗುವವರೆಗೆ ಅನ್ನ ನೀರು ಮುಟ್ಟುವುದಿಲ್ಲ ಎಂದು ಅವನು ಹೊರಸಿನ ಮೇಲೆ ಬಿದ್ದುಕೊಂಡ. ಮುಳುಗಿದ ಗಂಡಸರೆಲ್ಲ ಬರಿಗೈಯಲ್ಲಿ ಬಂದರು. ಎರಡನೆಯ ದಿನ ಆ ಗಂಡಸರೆಲ್ಲ ಉಮರಗಾ ಸಂತೆಗೆ ಹೋದಾಗ ನಾನೇ ನಿಮಗೆ ಹೇಳಿದೆ, "ನಾ ತೆಗಿತೀನ್ರೀ." ಸೀರೆಯ ಕಚ್ಚೆ ಹಾಕಿ ಮೂರಾಳು ನೀರಿಗೆ ಜಿಗಿದೆ. ಕಿವಿಯಲ್ಲಿ ಮೊಳೆ ಹೊಡೆದಷ್ಟು ನೋವು. ಮೂರನೆಯ ಸಲ ಕೆಸರಿನಲ್ಲಿ ಬೆಳ್ಳಿಯ ಕರಡಿಗೆ ಕೈಗೆ ತಾಕಿತು. ಮೇಲೆ ಬಂದಾಗ ನೀವು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಅದರ ಮೇಲೆಯೇ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ನಾನು ಹೊಲದ ದಾರಿಯಲ್ಲಿ ಒದ್ದೆ ಸೀರೆಯಲ್ಲಿ ಮನೆಗೆ ಬಂದೆ. ನೀವು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅವನ ಮನೆಗೆ ಹೋದಿರಿ. ಅವನ ತಾಯಿ ಶಿವಗಂಗಾಬಾಯಿ ನಿಮ್ಮ ಕಾಲಿಗೆ ಬಿದ್ದು ಕೂಗಿದಳಂತೆ, "ಸಿದ್ಧಯ್ಯ ಸ್ವಾಮ್ಗೋಳ ಮಂತ್ರಕ್ಕ ಲಿಂಗ ತಾನ ಮ್ಯಾಲ ಬಂತs ಯವ್ವಾ!" ನೀವು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದಿರಿ, ಅಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಪುರಾಣದಲ್ಲಿ ಹೇಳುತ್ತೀರಿ. ಬಂಗಾರ ನಿಮಗೆ ಬಂತು, ನೆಗಡಿ ನನಗೆ ಬಂತು.

ಅಯ್ಯನವರ ಹೊಸ ಸೊಸೆ ಬಾವಿಗೆ ಹಾರಿದಳೆಂದರೆ ಜನ ಏನಂದಾರು ಎಂದು ನೀವು ಅಂಜಿದಿರಿ, ಅದು ನನಗೆ ತಿಳಿಯುತ್ತದೆ. ಆದರೂ ಸಿಟ್ಟು ಬಂದಿತ್ತು. ಈಗಲೂ ಇದೆ. ಅಂದಿನಿಂದ ಆ ಬಾವಿಗೆ ಸೋಮವಾರ ಸೋಮವಾರ ಪೂಜೆ. ಈಜು ಕಲಿಯಲು ಬಂದ ಹುಡುಗಿಯರನ್ನು ಖಂಡೆಪ್ಪ ಬೈದು ಓಡಿಸುತ್ತಾನೆ. ನಿನ್ನೆ ನನ್ನನ್ನೂ ಬಿಡಲಿಲ್ಲ. "ಅಮ್ಮಾರ, ಬ್ಯಾರೆ ಯಾರರೇ ಕೇಳಿದ್ರ ಕಾಲ ಮುರೀತಿದ್ದೆ. ಸ್ವಾಮ್ಗೋಳ ಪವಾಡದ ನೀರದು, ನೀವs ಹಿಂಗಂದ್ರ ಹ್ಯಾಂಗ್ರೀ?" ಎಂದು ಕೈ ಮುಗಿದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಮನೆಗೆ ಬಂದು ಎರಡನ್ನೂ ಮಾಡಿದೆ.

ಆದ್ದರಿಂದ ನಿಮ್ಮ ಕೈಯಿಂದ ನಾಲ್ಕು ಸಾಲು ಬೇಕು. ಲಿಂಗ ಮೇಲೆ ಬಂದದ್ದು ಹೇಗೆ ಎಂದು ಖಂಡೆಪ್ಪನಿಗೆ ಬರೆದು ರಾಚಯ್ಯನ ಕೈಯಲ್ಲೇ ಕಳಿಸಿ. ನಿಮ್ಮ ಗೌರವ ಕಡಿಮೆಯಾಗುತ್ತದೆ ಎಂದು ನನಗನ್ನಿಸುವುದಿಲ್ಲ. ಕಡಿಮೆಯಾದರೆ ಆಗಲಿ, ಸ್ವಲ್ಪ ನನಗೂ ಬರಲಿ.

ಅದು ಭಾನುವಾರದೊಳಗೆ ಬಂದರೆ ನಾನು ಮೆಟ್ಟಿಲಿಳಿದು ಮೆಲ್ಲಗೆ ನೀರಿಗೆ ಹೋಗುತ್ತೇನೆ. ಬರದಿದ್ದರೂ ಹೋಗುತ್ತೇನೆ. ಸೋಮವಾರ ಮುಂಜಾನೆ ಹೆಂಗಸರೆಲ್ಲ ಪೂಜೆಯ ತಾಟು ಹಿಡಿದು ಸುತ್ತ ನಿಂತಿರುವಾಗ ಮೇಲಿನ ಕಟ್ಟೆಯಿಂದಲೇ ಜಿಗಿಯುತ್ತೇನೆ. ತಳ ಮುಟ್ಟಿ, ಒಂದು ಹಿಡಿ ಕೆಸರು ತಂದು ಅವರೆದುರು ಇಡುತ್ತೇನೆ. ಉಳಿದದ್ದು ಅವರಿಗೇ ತಿಳಿಯುತ್ತದೆ.

ಹೊತ್ತಿಗೆ ಸರಿಯಾಗಿ ಪ್ರಸಾದ ಮಾಡಿ, ಪುರಾಣ ಹೇಳಿ ಹೇಳಿ ಗಂಟಲು ಕೆಡಿಸಿಕೊಳ್ಳಬೇಡಿ. ಗುರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಖಂಡೆಪ್ಪನ ಲಿಂಗವನ್ನು ಮೇಲೆ ತಂದವಳು,
ನಿಮ್ಮ ಅನುಸೂಯಾ